ನ್ಯಾನೊಟ್ಯೂಬ್ ಬದಲು ಮಸಿ ಬರ್ತಿದೆ, ತಪ್ಪು ಎಲ್ಲಿ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ, ಮಂಡ್ಯ): ಮೇಡಂ, ನಮಸ್ಕಾರ. ಸಿಲಿಕಾನ್ ತುಂಡಿನ ಮೇಲೆ 8 ನ್ಯಾನೊಮೀಟರ್ ಕಬ್ಬಿಣ ಲೇಪಿಸಿ, 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟಿಲೀನ್ ಬಿಟ್ಟು ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ನಳಿಕೆ) ಬೆಳೆಸೋಕೆ ಎರಡು ತಿಂಗಳಿಂದ ಒದ್ದಾಡ್ತಿದ್ದೀನಿ. ಸಿಗೋದು ಮಸಿ, ಅದರ ನಡುವೆ ದಪ್ಪ ಸೊಟ್ಟ ಎಳೆಗಳು. ಲೇಸರ್ ಬಿಟ್ಟು ನೋಡೋ ರಾಮನ್ ಪರೀಕ್ಷೆಯಲ್ಲಿ, ದೋಷ ತೋರಿಸೋ ಡಿ ಪೀಕ್ ಒಳ್ಳೆ ಜೋಡಣೆ ತೋರಿಸೋ ಜಿ ಪೀಕ್‌ಗಿಂತ ಎತ್ತರ. ಅನಿಲದ ಹರಿವು ಬದಲಿಸಿ ಬದಲಿಸಿ ಸಾಕಾಯ್ತು.

ಉತ್ತರ (ಸಿವಿಡಿ, ಅಂದರೆ ಅನಿಲದಿಂದ ಪದಾರ್ಥ ಬೆಳೆಸುವ ಲ್ಯಾಬ್ ನಡೆಸುವವರು, ಮೈಸೂರು): ನೋಡಪ್ಪ, ಅಸಿಟಿಲೀನ್ ಹರಿವನ್ನು ಸದ್ಯಕ್ಕೆ ಮುಟ್ಟಬೇಡ. ನಿನ್ನ ತೊಂದರೆ ಅದು ಒಳಗೆ ಬರುವ ಮೊದಲೇ ಶುರುವಾಗಿದೆ. ಕಬ್ಬಿಣದ ತೆಳು ಪದರ ಬಿಸಿಗೆ ಪದರವಾಗಿ ಉಳಿಯುವುದಿಲ್ಲ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿಹನಿಯಾಗುತ್ತದೆ. ಆ ಹನಿಗಳೇ ವೇಗವರ್ಧಕ. ಅಸಿಟಿಲೀನ್ ಅಲ್ಲಿ ಒಡೆದು, ಇಂಗಾಲ ನಳಿಕೆಯಾಗಿ ಹೊರಟು ಬರುತ್ತದೆ. ಹನಿ ಎಷ್ಟು ದಪ್ಪವೋ ನಳಿಕೆಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ. 8 ನ್ಯಾನೊಮೀಟರ್ ಪದರ ಹತ್ತಾರು ನ್ಯಾನೊಮೀಟರಿನ ಉಂಡೆ ಕಟ್ಟುತ್ತದೆ. 1ರಿಂದ 2 ನ್ಯಾನೊಮೀಟರ್ ಸಾಕು.

ಬರೀ ಸಿಲಿಕಾನ್ ಮೇಲೆ ಹಾಕಿದ್ದೂ ತಪ್ಪೇ. ಅಷ್ಟು ಬಿಸಿಯಲ್ಲಿ ಕಬ್ಬಿಣ ಸಿಲಿಕಾನ್ ಜೊತೆ ಸೇರಿ ಸಿಲಿಸೈಡ್ ಆಗಿ ಸತ್ತುಹೋಗುತ್ತದೆ. ನಡುವೆ 10 ನ್ಯಾನೊಮೀಟರ್ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹಾಕಿಸು, ಹನಿಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ಅದು ಹಿಡಿದಿಡುತ್ತದೆ. ಗಾಳಿಗೆ ಬಿಟ್ಟ ಕಬ್ಬಿಣ ಆಕ್ಸೈಡ್ ಆಗಿರುವುದರಿಂದ ಮೊದಲು ಹೈಡ್ರೋಜನ್ ಹಾಯಿಸಿ ಲೋಹಕ್ಕೆ ಮರಳಿಸಬೇಕು. ಐದು ನಿಮಿಷದಿಂದ ಶುರು ಮಾಡು. ಹೆಚ್ಚು ಹೊತ್ತು ಬಿಟ್ಟರೆ ಮತ್ತೆ ಉಂಡೆಯೇ.

ಒಂದು ತುಂಡನ್ನು ಅಸಿಟಿಲೀನ್ ಬಿಡದೆಯೇ ತಣಿಸಿ ತೆಗೆದು, ಎಎಫ್‌ಎಮ್‌ನಲ್ಲಿ (ಸೂಕ್ಷ್ಮ ಮೊನೆಯಿಂದ ಮೇಲ್ಮೈ ತಡವಿ ನೋಡುವ ಸೂಕ್ಷ್ಮದರ್ಶಕ) ಹನಿಗಳ ಗಾತ್ರ ನೋಡು. ಈ ಒಂದು ದಿನದ ಕೆಲಸ ತಪ್ಪಿಸಿ ತಿಂಗಳುಗಟ್ಟಲೆ ಕಳೆದುಕೊಂಡವರನ್ನು ಕಂಡಿದ್ದೇನೆ, ನಾನೂ ಕಳೆದುಕೊಂಡಿದ್ದೇನೆ. ಆಮೇಲೆ 750 ಡಿಗ್ರಿಗೆ ಇಳಿಸು. 850ರಲ್ಲಿ ಅಸಿಟಿಲೀನ್ ಹನಿಯ ಹಂಗಿಲ್ಲದೆ ತಾನೇ ಒಡೆದು ಮಸಿ ಸುರಿಸುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಬೆಳೆಸುವಾಗ ನೀರಿನ ಆವಿ ಸೇರಿಸ್ತಾರಂತೆ. ಅದು ಯಾಕೆ ಮೇಡಂ?

ಉತ್ತರ: ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಚೂರು ಸುಣ್ಣ ಹಾಕಿದರೆ ಕೊಳೆ ಮೇಲೆದ್ದು ಬರುತ್ತದೆ, ಜಾಸ್ತಿಯಾದರೆ ಬೆಲ್ಲವೇ ಕಪ್ಪಾಗುತ್ತದೆ. ಇಲ್ಲೂ ಹಾಗೇ. ಹನಿಗಳ ಮೇಲೆ ಕಟ್ಟುವ ಅಂಕೆಯಿಲ್ಲದ ಇಂಗಾಲವನ್ನು ನೀರಾವಿ ತಿಂದುಹಾಕಿ ಅವುಗಳ ಉಸಿರು ಉಳಿಸುತ್ತದೆ. 2004ರಲ್ಲಿ ಜಪಾನಿನ ಹಾಟಾ ತಂಡ ಹೀಗೆ ಹತ್ತೇ ನಿಮಿಷದಲ್ಲಿ 2.5 ಮಿಲಿಮೀಟರ್ ಎತ್ತರದ ಒಂಟಿಪದರದ ನಳಿಕೆಗಳ ಕಾಡು ಬೆಳೆಸಿತು. ಆದರೆ ನೀರು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎನ್ನುವ ಲೆಕ್ಕದಲ್ಲಿ ಮಾತ್ರ. ಜಾಸ್ತಿಯಾದರೆ ನಳಿಕೆಯನ್ನೇ ತಿನ್ನುತ್ತದೆ. ಹನಿಗಳ ಗಾತ್ರ ಸರಿಯಾಗುವ ಮೊದಲು ಇದಕ್ಕೆ ಕೈ ಹಾಕಬೇಡಿ.

ಪ್ರಶ್ನೆ (ಕಾಲೇಜು ಅಧ್ಯಾಪಕರು, ಶ್ರೀರಂಗಪಟ್ಟಣ): ಲೇಪನದ ಯಂತ್ರವೇ ಇಲ್ಲದಿದ್ದರೆ?

ಉತ್ತರ: ಫೆರೋಸೀನ್ ಇದೆಯಲ್ಲ ಸರ್. ಅದರಲ್ಲೇ ಕಬ್ಬಿಣವೂ ಇದೆ, ಇಂಗಾಲವೂ ಇದೆ. ಆವಿ ಮಾಡಿ ಕುಲುಮೆಗೆ ಕಳಿಸಿದರೆ ಹನಿ ತಾನೇ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದಲ್ಲೇ ಈ ದಾರಿ ಹಿಡಿದಿತ್ತು. 1951ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪಡೆದವರು ಅವರು, ಹೇಳುವಾಗ ನನಗೆ ಹೆಮ್ಮೆ. ದೇವರ ಮುಂದೆ ಹಚ್ಚುವ ಕರ್ಪೂರವನ್ನು ಇಂಗಾಲದ ಮೂಲವಾಗಿಟ್ಟು ಫೆರೋಸೀನ್ ಜೊತೆ ಬೆಳೆಸಿದವರೂ ಇದ್ದಾರೆ. ಈ ದಾರಿಯಲ್ಲಿ ಕಬ್ಬಿಣ ಒಳಗೇ ಉಳಿದುಬಿಡುತ್ತದೆ. ಟಿಜಿಎಯಲ್ಲಿ (ಬಿಸಿ ಮಾಡುತ್ತಾ ತೂಕ ಅಳೆಯುವ ಯಂತ್ರ) ಗಾಳಿಯಲ್ಲಿ ಸುಟ್ಟು ನೋಡಿ. ಕೆಂಪು ಬೂದಿ, ಅಂದರೆ ಕಬ್ಬಿಣದ ಆಕ್ಸೈಡ್, ಶೇ. 10 ಉಳಿದರೆ ಕಬ್ಬಿಣ ಸುಮಾರು ಶೇ. 7.

ಪ್ರಶ್ನೆ (ಮೊದಲ ವಿದ್ಯಾರ್ಥಿ): ತುಂಬಾ ಥ್ಯಾಂಕ್ಸ್ ಮೇಡಂ. ರಾಮನ್‌ನಲ್ಲಿ ಡಿ–ಜಿ ಪೀಕ್‌ಗಳ ಅನುಪಾತ ಎಷ್ಟಿದ್ದರೆ ಒಳ್ಳೆಯದು? ಸಿಲಿಂಡರ್‌ನಿಂದ ಫರ್ನೇಸ್‌ಗೆ ತಾಮ್ರದ ಪೈಪ್ ಇದೆ, ಹೊಸ ಕೊಳವೆ ಬೇಕಾ?

ಉತ್ತರ: ಬಹುಪದರದ ನಳಿಕೆಯಲ್ಲಿ ಎರಡೂ ಸಮಸಮ ಬಂದರೆ ಕಂಗಾಲಾಗಬೇಡ. ಒಂಟಿಪದರದ್ದಾದರೆ ಜಿ ಬಹಳ ಎತ್ತರ ಇರಬೇಕು. ಒಂದೇ ಲೇಸರ್‌ನಲ್ಲಿ ನಾಲ್ಕೈದು ಜಾಗದಲ್ಲಿ ತೆಗೆದು ಹೋಲಿಸು.

ಅದೆಲ್ಲ ಆಮೇಲೆ. ತಾಮ್ರದ ಪೈಪನ್ನು ಇವತ್ತೇ ನಿಲ್ಲಿಸು, ಅಸಿಟಿಲೀನ್ ತಾಮ್ರದ ಜೊತೆ ಸೇರಿ ಕಾಪರ್ ಅಸಿಟಿಲೈಡ್ ಆಗುತ್ತದೆ, ಒಣಗಿದಾಗ ಸಣ್ಣ ಪೆಟ್ಟಿಗೇ ಸಿಡಿಯುತ್ತದೆ. ನೀನೇ ಬಿಚ್ಚಲು ಹೋಗಬೇಡ. ಸಿಲಿಂಡರ್ ಮುಚ್ಚಿ, ನಿಮ್ಮ ಗೈಡ್‌ಗೂ ಅನಿಲ ಸರಬರಾಜಿನವರಿಗೂ ಹೇಳು. ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಹಾಕಿಸಿದ ಮೇಲೆಯೇ ಮುಂದಿನ ರನ್.