ಚಳಿ ಹಿಡಿದ ಮೇಲೆ ಕೊರಮೀನು ತಿನ್ನುತ್ತಿಲ್ಲ, ಏನು ಮಾಡಬೇಕು?

ಶ್ರೀನಿವಾಸಪುರದ ಮಾವು ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ತೋಟದ ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಆಷಾಢದಲ್ಲಿ ಬೆರಳುದ್ದದ 400 ಕೊರಮೀನು ಮರಿಗಳನ್ನು ಬಿಟ್ಟಿದ್ದೆ. ದೀಪಾವಳಿಯವರೆಗೂ ತೇಲುವ ಮೇವಿನ ಗುಳಿಗೆಯನ್ನು ಎರಚಿದೊಡನೆ ನೀರು ಕುದಿಯುವಂತೆ ಮೇಲೆದ್ದು ತಿನ್ನುತ್ತಿದ್ದವು. ಧನುರ್ಮಾಸ ಬಂದ ಮೇಲೆ, ಬೆಳಿಗ್ಗೆ ಏಳಕ್ಕೆ ಹಾಕಿದ ಗುಳಿಗೆ ಸಂಜೆಯವರೆಗೂ ಊದಿಕೊಂಡು ಹಾಗೆಯೇ ತೇಲುತ್ತಿರುತ್ತದೆ. ಎರಡು ಮೀನುಗಳ ಬೆನ್ನಿನ ಮೇಲೆ ನಾಣ್ಯದಗಲದ ಕೆಂಪು ಹುಣ್ಣು ಕಂಡಿದೆ. ಸತ್ತು ತೇಲಿದ್ದು ನಾಲ್ಕೈದೇ ಆದರೂ ಹೊಂಡದಲ್ಲಿ ಮೀನು ಬಹಳ ಕಡಿಮೆಯಾದಂತೆ ತೋರುತ್ತಿದೆ. ದಯವಿಟ್ಟು ತಿಳಿದವರು ಹೇಳಬೇಕು.

ಚಿಂತಾಮಣಿಯಿಂದ:
ಮೊದಲು ನೀರಿನ ಉಷ್ಣತೆಯನ್ನು ಅಳೆಯಿರಿ. ಕೊರಮೀನಿಗೆ 25ರಿಂದ 30 ಡಿಗ್ರಿ ಹಿತ. 20ರ ಆಸುಪಾಸಿಗೆ ಇಳಿದರೆ ಅದರ ಹಸಿವೇ ಕುಗ್ಗುತ್ತದೆ. ನಮ್ಮ ಕಡೆ ಈ ತಿಂಗಳು ಮುಂಜಾನೆ ನೀರು ತಣ್ಣಗಿರುವುದರಿಂದ ಬೆಳಗಿನ ಮೇವನ್ನು ಪೂರ್ತಿ ನಿಲ್ಲಿಸಿ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಮಧ್ಯಾಹ್ನ ಎರಡರ ಹೊತ್ತಿಗೆ, ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ ಹಾಕಿ. ಉಳಿದ ಗುಳಿಗೆಯನ್ನು ಜಾಲರಿಯಿಂದ ಎತ್ತಿಬಿಡಿ. ಅದು ಕೊಳೆತರೆ ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ.

ಹುಣ್ಣನ್ನು ಮಾತ್ರ ಹಗುರವಾಗಿ ನೋಡಬೇಡಿ. ಮಳೆಗಾಲ ಮುಗಿದು ನೀರು ತಣಿಯುವ ಕಾಲದಲ್ಲಿ ಅಫನೋಮೈಸಿಸ್ ಎಂಬ ಬೂಷ್ಟಿನಂಥ ಜೀವಿ ತರುವ ಹುಣ್ಣುರೋಗಕ್ಕೆ ಕೊರಮೀನು ಬೇಗ ತುತ್ತಾಗುತ್ತದೆ. ಹುಣ್ಣಿರುವ ಮೀನುಗಳನ್ನು ಬೇರೆ ತೊಟ್ಟಿಗೆ ಹಾಕಿ, ಒಂದು ಮೀನನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಸುಣ್ಣವನ್ನಾಗಲಿ, ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫ್ಯಾಕ್ಸ್ ಔಷಧಿಯನ್ನಾಗಲಿ ಅವರು ಹೇಳಿದ ಅಳತೆಯಲ್ಲೇ ಬಳಸಿ.

ಸಿರಾದಿಂದ:
ಮೀನು ಕಡಿಮೆಯಾದದ್ದಕ್ಕೆ ಚಳಿಯೊಂದೇ ಕಾರಣವಿರಲಾರದು. ಇದು ಬೇಟೆಯಾಡುವ ಜಾತಿ. ಒಂದೇ ದಿನ ಬಿಟ್ಟ ಮರಿಗಳಲ್ಲಿ ಯಾವುದು ಬೇಗ ಬೆಳೆಯುತ್ತದೋ ಅದು ತನ್ನ ಅರ್ಧದಷ್ಟು ಉದ್ದದ ಒಡಹುಟ್ಟನ್ನೂ ನುಂಗುತ್ತದೆ, ಮೂಳೆಯೂ ಸಿಗುವುದಿಲ್ಲ. ಮೊದಲ ವರ್ಷ ನನ್ನ ಹೊಂಡದಲ್ಲಿ ಒಂದು ದಪ್ಪ ಮೀನಿನ ಬಾಯಿಂದ ಇನ್ನೊಂದರ ಬಾಲ ಇಣುಕುತ್ತಿದ್ದುದನ್ನು ಕಂಡ ಮೇಲೆಯೇ ನನಗಿದು ಅರ್ಥವಾಯಿತು. ಗಾತ್ರ ನೋಡಿ ಬೇರ್ಪಡಿಸುವ ಕೆಲಸವನ್ನು ಶ್ರಾವಣದಿಂದ ದೀಪಾವಳಿಯೊಳಗೆ ಎರಡು ಮೂರು ಸಲ ಮಾಡಬೇಕು. ಈಗ ಬಲೆ ಎಳೆಯಲೇಬೇಡಿ, ಚಳಿಯಲ್ಲಿ ಮೈ ತರಚಿದರೆ ಹುಣ್ಣು ಹರಡಲು ದಾರಿಯಾಗುತ್ತದೆ.

ಹೊಂಡದ ಸುತ್ತ ಬಲೆಯ ಬೇಲಿ ಇದೆಯೇ? ಮಳೆಯ ರಾತ್ರಿಗಳಲ್ಲಿ ಕೊರಮೀನು ಹಾರಿ, ಒದ್ದೆ ನೆಲದ ಮೇಲೆ ತೆವಳಿಕೊಂಡು ಹೋಗಿಬಿಡುತ್ತದೆ. ಬೇಸಿಗೆಗೆ ಒಂದು ಮೂಲೆಯಲ್ಲಿ ತೆಂಗಿನ ಗರಿಯ ನೆರಳು ಮಾಡಿ, ಆದರೆ ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಸಸ್ಯ ಇಡೀ ನೀರನ್ನು ಮುಚ್ಚದಂತೆ ನೋಡಿಕೊಳ್ಳಿ. ಈ ಮೀನು ಮೇಲೆ ಬಂದು ಗಾಳಿ ನುಂಗಲೇಬೇಕು; ದಾರಿ ಸಿಗದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಶ್ರೀನಿವಾಸಪುರದ ಮಾವು ಬೆಳೆಗಾರ:
ಇಬ್ಬರಿಗೂ ಧನ್ಯವಾದಗಳು. ಬೆಳಿಗ್ಗೆ ಆರಕ್ಕೆ ಅಳೆದಾಗ ನೀರು 19 ಡಿಗ್ರಿ ಇತ್ತು, ಮಧ್ಯಾಹ್ನ 24. ಇಂದು ಎರಡು ಗಂಟೆಗೆ ಒಂದೇ ಹಿಡಿ ಹಾಕಿದೆ, ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಹುಣ್ಣಿನ ಎರಡನ್ನೂ ತೊಟ್ಟಿಗೆ ಹಾಕಿದ್ದೇನೆ, ಸೋಮವಾರ ಇಲಾಖೆಗೆ ಒಯ್ಯುತ್ತೇನೆ. ಬೇಲಿ ಇರಲಿಲ್ಲ, ಮುಂಗಾರಿಗೆ ಮೊದಲು ಕಟ್ಟಿಸುತ್ತೇನೆ.