ಮಳೆ ಬಿಟ್ಟ ಮೇಲೆ ಲಾನ್‌ಗೆ ಬೀಜ: ಹಾಕಿದವರು ಹೇಳಿ

ಮಡಿಕೇರಿ ಹತ್ತಿರದಿಂದ:
ಹೊಸ ಮನೆ ಮುಂದೆ ಸುಮಾರು 1000 ಚದರಡಿ ಜಾಗ ಇದೆ. ಜೆಸಿಬಿಯಲ್ಲಿ ಮಟ್ಟ ಮಾಡಿಸಿದ್ದೇವೆ. ಕೆಂಪು ಮಣ್ಣು, ಸ್ವಲ್ಪ ಇಳಿಜಾರು, ಒಂದು ಬದಿಗೆ ಸಿಲ್ವರ್ ಓಕ್ ನೆರಳು. ಹುಲ್ಲಿನ ಹಾಸು ತರಿಸುವುದು ದುಬಾರಿ, ಅದಕ್ಕೆ ಬೀಜ ಹಾಕೋಣ ಅಂತ. ಯೂಟ್ಯೂಬ್‌ನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು ಅಂತಾರೆ. ನಮ್ಮ ಕಡೆಗೂ ಅದು ಸರಿಯಾ?

ಸೋಮವಾರಪೇಟೆಯಿಂದ:
ತಿಂಗಳು ಸರಿ, ಕಾರಣ ಬೇರೆ. ಆ ವಿಡಿಯೊಗಳು ಹೆಚ್ಚಾಗಿ ಚಳಿ ದೇಶಗಳವು. ಅಲ್ಲಿ ಬಿತ್ತುವುದು ಫೆಸ್ಕ್ಯೂ, ರೈ ಹುಲ್ಲು. ಅವಕ್ಕೆ ತಂಪು ಬೇಕು. ಇಲ್ಲಿ ಸಿಗುವ ಬರ್ಮುಡಾ ಬೀಜ ಅಂದರೆ ನಮ್ಮ ಗರಿಕೆಯೇ. ಅದಕ್ಕೆ ಬಿಸಿಲು ಬೇಕು, ಬೆಚ್ಚಗಿನ ಮಣ್ಣು ಬೇಕು. ಮಣ್ಣು 20 ಡಿಗ್ರಿಗಿಂತ ತಣ್ಣಗಾದರೆ ಮೊಳಕೆ ತಡವಾಗುತ್ತದೆ. ಮಡಿಕೇರಿಯ ಡಿಸೆಂಬರ್ ರಾತ್ರಿ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ? ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಕಳೆದು ಜೋರು ಮಳೆ ಬಿಟ್ಟ ಕೂಡಲೇ ಮಣ್ಣಿನ ಕೆಲಸ ಶುರು ಮಾಡಿ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಬೀಜ ಬಿದ್ದಿರಲಿ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿನ ಹುತ್ತರಿ ಹಬ್ಬದ ತನಕ ಎಳೆದರೆ ಚಳಿ ಬಂತು, ಕಾಫಿ ಕೊಯ್ಲೂ ಬಂತು. ಆಮೇಲೆ ಲಾನ್‌ಗೆ ನೀರು ಹಾಕಲು ಆಳು ಎಲ್ಲಿ ಸಿಗುತ್ತಾರೆ?

ಜೆಸಿಬಿ ಮೇಲ್ಮಣ್ಣನ್ನೆಲ್ಲ ಕೆರೆದು ಗಟ್ಟಿ ಅಡಿಮಣ್ಣು ಬಿಟ್ಟಿರುತ್ತದೆ. ಅರ್ಧ ಅಡಿ ಅಗೆಸಿ, ಹೆಂಟೆ ಒಡೆಸಿ, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ. ಅರೆಬರೆ ಕಳಿತದ್ದು ಬೇಡ, ಅದರಲ್ಲಿ ಕಳೆ ಬೀಜ ಜಾಸ್ತಿ. ನಮ್ಮ ಮಳೆಗೆ ಮಣ್ಣು ಹುಳಿಯಾಗಿರುತ್ತದೆ. ತೋಟದ ಮಣ್ಣು ಪರೀಕ್ಷೆಗೆ ಕೊಡುವಾಗ ಇದನ್ನೂ ಕೊಡಿ. ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಕೃಷಿ ಸುಣ್ಣ ಬೇಕು. ಸುಮ್ನೆ ಕಣ್ಣಂದಾಜಿಗೆ ಸುರಿಯಬೇಡಿ.

ಮಟ್ಟ ಮಾಡಿದ ಮಾರನೇ ದಿನವೇ ಬಿತ್ತುವವರೇ ಜಾಸ್ತಿ. ನನಗೆ ಅದು ಹಿಡಿಸುವುದಿಲ್ಲ. ಎರಡು ವಾರ ನೀರು ಹಾಕಿ ಸುಮ್ಮನೆ ಬಿಡಿ. ಮಣ್ಣಲ್ಲಿ ಅಡಗಿದ ಕಳೆಯೆಲ್ಲ ಎದ್ದು ಬರುತ್ತದೆ. ಅದನ್ನು ಮೇಲ್ಪದರದಲ್ಲಷ್ಟೇ ಕೆರೆದು ತೆಗೆಯಿರಿ. ಮತ್ತೆ ಆಳವಾಗಿ ಅಗೆದರೆ ಹೊಸ ಕಳೆ ಬೀಜ ಮೇಲೆ ಬರುತ್ತದೆ. ಜೇಕನ್ನು ಮಾತ್ರ ಗಡ್ಡೆ ಸಮೇತ ಕೀಳಲೇಬೇಕು.

ನಿಮ್ಮ ಜಾಗಕ್ಕೆ ಅರ್ಧದಿಂದ ಒಂದು ಕೆಜಿ ಬೀಜ ಸಾಕು. ತುಂಬಾ ಸಣ್ಣ ಬೀಜ, ಬರಿಗೈಯಲ್ಲಿ ಎರಚಿದರೆ ಒಂದೇ ಕಡೆ ಗುಪ್ಪೆ ಬೀಳುತ್ತದೆ. ಒಣ ಮರಳು ಬೆರೆಸಿ ಎರಡು ಪಾಲು ಮಾಡಿ. ಒಂದು ಪಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಕಾಲಿಂಚಿಗಿಂತ ಆಳ ಹೋಗಬಾರದು. ರೋಲರ್ ಇಲ್ಲದಿದ್ದರೆ ಹಲಗೆ ಇಟ್ಟು ಒತ್ತಿ. ಮೊಳಕೆಗೆ ಹತ್ತು ದಿನದಿಂದ ಮೂರು ವಾರ ಹಿಡಿಯುತ್ತದೆ. ವಾರಕ್ಕೇ ಕೆದಕಿ ನೋಡಬೇಡಿ.

ಕುಶಾಲನಗರದಿಂದ:
ನಮ್ಮಲ್ಲಿ ಮಳೆ ಕಡಿಮೆ. ಸಂಕ್ರಮಣದ ತನಕ ಕಾಯುವುದಿಲ್ಲ, ಸೆಪ್ಟೆಂಬರ್‌ನಲ್ಲೇ ಬಿತ್ತುತ್ತೇವೆ. ನಿಮ್ಮದು ಇಳಿಜಾರು ಅಂತೀರಿ. ಅಕ್ಟೋಬರ್‌ನ ಸಂಜೆ ಗುಡುಗು ಮಳೆಗೆ ಬೀಜ ಪೂರ್ತಿ ಚರಂಡಿ ಪಾಲಾಗುತ್ತದೆ. ಒಣ ಭತ್ತದ ಹುಲ್ಲನ್ನು ಮಣ್ಣು ಕಾಣುವಷ್ಟು ತೆಳ್ಳಗೆ ಹರಡಿ. ಮೊದಲು ಚೆನ್ನಾಗಿ ಕೊಡವಿಕೊಳ್ಳಿ, ಇಲ್ಲದಿದ್ದರೆ ಲಾನ್ ನಡುವೆ ಭತ್ತದ ಪೈರು ನೋಡಬೇಕಾಗುತ್ತದೆ! ಪೈಪ್ ಹಿಡಿದು ಹೊಡೆಯದೆ ಸಣ್ಣ ತೂತುಗಳ ಮೂತಿಯ ಕ್ಯಾನಿನಲ್ಲಿ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಬೇರು ಬಿಟ್ಟ ಮೇಲೆ ಸಲ ಕಡಿಮೆ ಮಾಡಿ, ನೀರು ಜಾಸ್ತಿ ಕೊಡಿ.

ಗೋಣಿಕೊಪ್ಪದಿಂದ:
ಸಿಲ್ವರ್ ಓಕ್ ಬದಿಗೆ ಬೀಜ ದಂಡ. ನೆರಳಲ್ಲಿ ಗರಿಕೆ ಬಾಳುವುದಿಲ್ಲ. ಅಲ್ಲಿಗೆ ಅಗಲ ಎಲೆಯ ಬಫಲೋ ಹುಲ್ಲು ಸರಿ. ಗೊತ್ತಿರುವವರ ಮನೆಯಿಂದ ಬೇರು ಸಮೇತ ಕಿತ್ತು ತಂದು ಗೇಣಿಗೊಂದು ನೆಡಿ.

ಮಡಿಕೇರಿ ಹತ್ತಿರದಿಂದ:
ಎಲ್ಲರಿಗೂ ಥ್ಯಾಂಕ್ಸ್. ಅಂಗಡಿಯವರು ರೈ ಬೀಜವನ್ನೂ ಬೆರೆಸಿ ಅಂದರು. ಬೆರೆಸಲಾ? ಮೊದಲ ಸಲ ಕತ್ತರಿಸುವುದು ಯಾವಾಗ?

ಸೋಮವಾರಪೇಟೆಯಿಂದ:
ರೈ ಬೇಗ ಹಸಿರಾಗುತ್ತದೆ, ನಿಜ. ಬಿಸಿಲೇರಿದರೆ ಸಾಯುತ್ತದೆ, ಅಷ್ಟರಲ್ಲಿ ಎಳೆ ಗರಿಕೆಯನ್ನು ಒತ್ತಿಬಿಟ್ಟಿರುತ್ತದೆ. ಬೇಡ ಅನ್ನುತ್ತೇನೆ. ಎರಡು ಇಂಚು ದಾಟಿದ ಮೇಲೆ, ಮಣ್ಣು ಒಣಗಿರುವಾಗ, ಹರಿತ ಬ್ಲೇಡಿನಲ್ಲಿ ಮೇಲಿನ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ.

ಗೋಣಿಕೊಪ್ಪದಿಂದ:
ಒಂದು ಮಾತು ಬಿಟ್ಟುಹೋಯಿತು. ನಿಮ್ಮ ಕಡೆ ಕಾಡುಹಂದಿ ಬರುತ್ತದೆಯಾ? ನೀರು ಕುಡಿದ ಮೆತ್ತನೆ ಮಣ್ಣಲ್ಲಿ ಎರೆಹುಳ ಹುಡುಕಿ ಒಂದೇ ರಾತ್ರಿಗೆ ಉತ್ತುಬಿಡುತ್ತದೆ. ಬೇಲಿ ಇಲ್ಲದಿದ್ದರೆ ಬೀಜ ತರುವ ಮೊದಲೇ ಹಾಕಿಸಿ.