ಜಪಾನಿನ ಒನ್ಸೆನ್‌ಗೆ ಅತ್ತೆಯವರನ್ನು ಕರೆದೊಯ್ಯಬಹುದೇ?

ಪ್ರಶ್ನೆ: ನಮಸ್ಕಾರ ಸರ್. ತಾವು ಕನ್ನಡಿಗರ ತಂಡಗಳನ್ನು ಜಪಾನಿಗೆ ಕರೆದೊಯ್ಯುವವರಾದ್ದರಿಂದ ಕೇಳುತ್ತಿದ್ದೇನೆ. ನವೆಂಬರಿನಲ್ಲಿ ನಾವು ದಂಪತಿ, ಅತ್ತೆಯವರು ಹಾಗೂ ಎಂಟು ವರ್ಷದ ಮಗ ಹಕೋನೆಯ ವಸತಿಗೃಹವೊಂದರಲ್ಲಿ ತಂಗಲಿದ್ದೇವೆ. ಅಲ್ಲಿಯ ಒನ್ಸೆನ್‌ಗೆ, ಅಂದರೆ ಬಿಸಿನೀರಿನ ಬುಗ್ಗೆಯ ಕೊಳಕ್ಕೆ, ಮೈಮೇಲೆ ನೂಲೆಳೆಯೂ ಇಲ್ಲದೆ ಇಳಿಯಬೇಕೆಂದು ಕೇಳಿದಾಗಿನಿಂದ ಅತ್ತೆಯವರು ಬರುವುದೇ ಇಲ್ಲ ಎನ್ನುತ್ತಿದ್ದಾರೆ. ಈಜುಡುಗೆಯನ್ನೋ ನೈಟಿಯನ್ನೋ ಧರಿಸಿ ಇಳಿಯಬಹುದೇ? ಮಗ ನನ್ನ ಜೊತೆ ಬರಬಹುದೇ?

ಉತ್ತರ: ನಮಸ್ಕಾರ ಮೇಡಂ. ವಸತಿಗೃಹದ ಸಾಮೂಹಿಕ ಕೊಳಕ್ಕೆ ಬಟ್ಟೆ ಧರಿಸಿ ಇಳಿಯುವಂತಿಲ್ಲ. ಅದೇ ನೀರಿನಲ್ಲಿ ಅನೇಕರು ಒಬ್ಬರಾದ ಮೇಲೊಬ್ಬರು ಕೂರುವುದರಿಂದ, ಬಟ್ಟೆಯ ಸೋಪು, ಬಣ್ಣ, ಧೂಳು ಅದಕ್ಕೆ ಸೇರಬಾರದೆಂಬುದೇ ಅವರ ಕಾಳಜಿ. ಹೆಂಗಸರಿಗೂ ಗಂಡಸರಿಗೂ ಕೊಳಗಳು ಬೇರೆ ಬೇರೆ. ಬಾಗಿಲ ಪರದೆ ಸಾಮಾನ್ಯವಾಗಿ ಹೆಂಗಸರಿಗೆ ಕೆಂಪು, ಗಂಡಸರಿಗೆ ನೀಲಿ. ರಾತ್ರಿ ಹೆಂಗಸರಿಗಿದ್ದ ಕೊಳವನ್ನು ಬೆಳಿಗ್ಗೆ ಗಂಡಸರಿಗೆ ಬಿಟ್ಟುಕೊಡುವ ವಸತಿಗೃಹಗಳು ಬಹಳ ಇರುವುದರಿಂದ ಪ್ರತಿ ಸಲವೂ ಪರದೆ ನೋಡಿಯೇ ಒಳಗೆ ಹೋಗಿ.

ನಮ್ಮವರು ನಿಜವಾಗಿ ಕಲಿಯಬೇಕಾದದ್ದು ಕೊಳಕ್ಕೆ ಇಳಿಯುವ ಮುಂಚಿನ ಸ್ನಾನವನ್ನು. ಗೋಡೆಯುದ್ದಕ್ಕೂ ಗಿಡ್ಡ ಸ್ಟೂಲು, ಬೋಗುಣಿ, ಕೈಯಲ್ಲಿ ಹಿಡಿಯುವ ಶವರ್, ಸೋಪು, ಶಾಂಪೂ ಇಟ್ಟಿರುತ್ತಾರೆ. ಪಕ್ಕದವರಿಗೆ ನೀರು ಸಿಡಿಯದಂತೆ ಕುಳಿತೇ ಮೀಯಬೇಕು. ನೊರೆ ಪೂರ್ತಿ ಹೋದ ಮೇಲೆ ಸ್ಟೂಲನ್ನೂ ತೊಳೆದಿಟ್ಟು ಏಳಬೇಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ದಯವಿಟ್ಟು ಎರಡು ಸಲ ಶಾಂಪೂ ಹಾಕಿ ತೊಳೆಯಿರಿ. ಎಣ್ಣೆ ನೀರಿನ ಮೇಲೆ ತೇಲಿದರೆ ಎಲ್ಲರಿಗೂ ಕಾಣುತ್ತದೆ. ಕೂದಲನ್ನು ಮೇಲಕ್ಕೆ ಕಟ್ಟಿಕೊಳ್ಳಿ. ಕೈಯಲ್ಲಿರುವ ಚಿಕ್ಕ ಟವೆಲನ್ನು ನಡೆಯುವಾಗ ಮುಂದೆ ಹಿಡಿದು ಮರೆ ಮಾಡಿಕೊಳ್ಳಬಹುದು, ಆದರೆ ನೀರಿಗೆ ತಾಗಿಸಬಾರದು. ಮಡಚಿ ತಲೆಯ ಮೇಲೋ ಕೊಳದ ಅಂಚಿನಲ್ಲೋ ಇಡುತ್ತಾರೆ. ಮೊಬೈಲನ್ನು ಬಟ್ಟೆ ಬದಲಿಸುವ ಕೋಣೆಗೂ ತರಬೇಡಿ.

ಅತ್ತೆಯವರನ್ನು ಖಂಡಿತ ಒತ್ತಾಯಿಸಬೇಡಿ. ಅಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಒಟ್ಟಿಗೆ ಮೀಯುವುದು ದಿನನಿತ್ಯದ ಸಂಗತಿ, ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಆದರೂ ಜೀವಮಾನದ ಸಂಕೋಚ ಒಂದು ಸಂಜೆಯಲ್ಲಿ ಹೋಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅನೇಕ ವಸತಿಗೃಹಗಳಲ್ಲಿ ‘ಕಾಶಿಕಿರಿ’ ಎಂಬ ಖಾಸಗಿ ಕೊಳ ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ; ಕೋಣೆ ಕಾದಿರಿಸುವಾಗಲೇ ಕೇಳಿ. ಹಕೋನೆಯ ಯುನೆಸ್ಸನ್ ಎಂಬ ಬಿಸಿನೀರಿನ ವಿಹಾರಧಾಮದಲ್ಲಿ ಈಜುಡುಗೆ ಧರಿಸಿ ಇಡೀ ಕುಟುಂಬ ಒಟ್ಟಿಗೆ ಇಳಿಯುವ ವಿಭಾಗವೂ ಇದೆ.

ಮಗ ತಂದೆಯೊಂದಿಗೆ ಹೋಗಲಿ. ಜಪಾನ್ ಸರ್ಕಾರ 2020ರಲ್ಲಿ ತನ್ನ ಮಾರ್ಗಸೂಚಿಯನ್ನು ತಿದ್ದಿ, ಮಕ್ಕಳು ಬೇರೆ ಲಿಂಗದವರ ಸ್ನಾನಗೃಹಕ್ಕೆ ಹೋಗಬಾರದ ವಯಸ್ಸನ್ನು ಹತ್ತರಿಂದ ಏಳಕ್ಕೆ ಇಳಿಸಿತು.

ಮರುಪ್ರಶ್ನೆ: ಖಾಸಗಿ ಕೊಳಕ್ಕೆ ಅತ್ತೆ ಒಪ್ಪಿದ್ದಾರೆ ಸರ್. ಮಾಂಗಲ್ಯ, ಕಾಲುಂಗುರ ತೆಗೆಯಲೇಬೇಕೇ? ಅವರಿಗೆ ಬಿಪಿ ಇದೆ.

ಉತ್ತರ: ಗಂಧಕದ ನೀರು ತಾಗಿದರೆ ಬೆಳ್ಳಿಯ ಕಾಲುಂಗುರ, ಗೆಜ್ಜೆ ಕಪ್ಪಾಗುತ್ತವೆ, ಹಕೋನೆಯ ಕೆಲವು ಬುಗ್ಗೆಗಳಲ್ಲಿ ಗಂಧಕವಿದೆ. ಬೆಳ್ಳಿಯನ್ನು ಕೋಣೆಯಲ್ಲೇ ತೆಗೆದಿಡಿ. ಮಾಂಗಲ್ಯ ತೆಗೆಯಲು ಅವರಿಗೆ ಮನಸ್ಸಿಲ್ಲದಿದ್ದರೆ ಗಂಧಕವಿಲ್ಲದ ನೀರಿನ ವಸತಿಗೃಹವನ್ನು ಆರಿಸಿಕೊಳ್ಳಿ. ಬಿಪಿಯ ವಿಷಯದಲ್ಲಿ ವೈದ್ಯರನ್ನು ಕೇಳದೆ ಇಳಿಸಬೇಡಿ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಬಿಸಿಯಿರುತ್ತದೆ. ಮೊದಲು ಪಾದದಿಂದ ಮೇಲಕ್ಕೆ ಬೋಗುಣಿಯಲ್ಲಿ ನೀರು ಹೊಯ್ದುಕೊಂಡು, ಸ್ವಲ್ಪವೇ ಹೊತ್ತು ಕೂತು, ಏಳುವಾಗ ತಲೆ ಸುತ್ತದಂತೆ ನಿಧಾನವಾಗಿ ಏಳಬೇಕು. ನೀವು ಪಕ್ಕದಲ್ಲೇ ಇರಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನ ತೋಳಿನ ಮೇಲೆ ಆಂಜನೇಯನ ಹಚ್ಚೆಯಿದೆ. ತೊಂದರೆಯಾದೀತೇ?

ಉತ್ತರ: ಆಗಬಹುದು. ಅಲ್ಲಿ ಹಚ್ಚೆಯನ್ನು ಯಾಕುಜಾ ಎಂಬ ಭೂಗತ ಗುಂಪುಗಳೊಂದಿಗೆ ಜೋಡಿಸಿ ನೋಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2013ರಲ್ಲಿ ಹೊಕ್ಕೈಡೊದ ಸ್ನಾನಗೃಹವೊಂದು ಮುಖದ ಮೇಲೆ ಸಾಂಪ್ರದಾಯಿಕ ಹಚ್ಚೆಯಿದ್ದ ನ್ಯೂಜಿಲೆಂಡಿನ ಮಾವೊರಿ ಮಹಿಳೆಗೇ ಪ್ರವೇಶ ನಿರಾಕರಿಸಿತ್ತು. ದೇವರ ಚಿತ್ರವೆಂಬ ವಿವರಣೆ ಬಾಗಿಲಲ್ಲಿ ನೆರವಾಗುತ್ತದೆಂದು ನಂಬಿಕೊಂಡು ಹೋಗಬೇಡಿ. ಚಿಕ್ಕ ಹಚ್ಚೆಯನ್ನು ಮೈಬಣ್ಣದ ಅಂಟುಪಟ್ಟಿಯಿಂದ ಮುಚ್ಚಿಕೊಂಡರೆ ಸಾಕೆನ್ನುವ ಕಡೆಗಳಿವೆ. ಕಿನೊಸಾಕಿ ಊರಿನ ಸಾರ್ವಜನಿಕ ಸ್ನಾನಗೃಹಗಳು ಹಚ್ಚೆಯವರಿಗೆ ತೆರೆದಿವೆ. ಮದುವೆಯ ಮೆಹಂದಿ ಮಾಸದೆ ಹೋಗುವ ಹೆಣ್ಣುಮಕ್ಕಳೂ ಅದು ಅಳಿಸಿಹೋಗುವ ಬಣ್ಣವೆಂದು ಸ್ವಾಗತದ ಮೇಜಿನಲ್ಲಿ ಮೊದಲೇ ತಿಳಿಸಿ ಒಳಗೆ ಹೋಗಲಿ.